ದಡದ ಮೇಲೆ ಹುಟ್ಟು ಹಾಕಿದವರು

ಕ್ರಿಸ್ತಪೂರ್ವ 260ರ ಸುಮಾರಿನಲ್ಲಿ, ಸಮುದ್ರಯುದ್ಧದ ಪರಿಚಯವೇ ಅಷ್ಟಾಗಿ ಇಲ್ಲದಿದ್ದ ರೋಮ್ ಗಣರಾಜ್ಯವು ಕಾರ್ಥೇಜಿನಂಥ ಪ್ರಬಲ ನಾವಿಕಶಕ್ತಿಯನ್ನು ಎದುರಿಸಬೇಕಾಗಿ ಬಂದಾಗ, ದಡಕ್ಕೆ ಬಂದು ಸಿಕ್ಕಿಬಿದ್ದಿದ್ದ ಶತ್ರುನೌಕೆಯೊಂದನ್ನು ಮಾದರಿಯಾಗಿಟ್ಟುಕೊಂಡು ನೂರು ದೊಡ್ಡ ಹಡಗುಗಳನ್ನೂ ಇಪ್ಪತ್ತು ಚಿಕ್ಕ ಹಡಗುಗಳನ್ನೂ ಕಟ್ಟಲು ತೊಡಗಿತೆಂದೂ, ಆ ಹಡಗುಗಳು ಸಿದ್ಧವಾಗುವವರೆಗೆ ಕಾಲವನ್ನು ವ್ಯರ್ಥಮಾಡದೆ, ಹುಟ್ಟು ಹಾಕಲು ನೇಮಿಸಿಕೊಂಡಿದ್ದ ಜನರನ್ನು ಹಡಗಿನೊಳಗಿನ ಕ್ರಮದಲ್ಲಿಯೇ ಒಣನೆಲದ ಮೇಲೆ ಬೆಂಚುಗಳಲ್ಲಿ ಸಾಲಾಗಿ ಕೂರಿಸಿ ಅಭ್ಯಾಸ ಮಾಡಿಸಿತೆಂದೂ ಗ್ರೀಕ್ ಇತಿಹಾಸಕಾರನಾದ ಪೊಲಿಬಿಯಸ್ ತನ್ನ ಇತಿಹಾಸದ ಮೊದಲ ಭಾಗದಲ್ಲಿ ಬರೆದಿದ್ದಾನೆ. ಸಾಲುಗಳ ನಡುವೆ ತಾಳ ಹೇಳುವವನೊಬ್ಬನು ಇರುತ್ತಿದ್ದನು. ಅವನ ಕೂಗಿಗೆ ಎಲ್ಲರೂ ಒಮ್ಮೆಗೇ ಕೈಗಳನ್ನು ಎದೆಯ ಕಡೆಗೆ ಎಳೆದುಕೊಳ್ಳುತ್ತ ಹಿಂದಕ್ಕೆ ಬಾಗಬೇಕು; ಮತ್ತೆ ಕೈಗಳನ್ನು ಚಾಚುತ್ತ ಮುಂದಕ್ಕೆ ಬರಬೇಕು; ಅವನು ಹೇಳಿದಾಗ ತೊಡಗಬೇಕು, ಹೇಳಿದಾಗ ನಿಲ್ಲಿಸಬೇಕು. ಸಮುದ್ರವನ್ನೇ ಕಾಣದ ರೈತಾಪಿ ಯುವಕರೂ ಅವರಲ್ಲಿದ್ದಿರಬೇಕು; ಅಂಥವರು ಮರಳಿನ ಮೇಲೆ ಕುಳಿತು ಇಲ್ಲದ ನೀರನ್ನು ಹಿಂದಕ್ಕೆ ತಳ್ಳುತ್ತಿದ್ದ ಆ ದೃಶ್ಯವನ್ನು ನೆನೆದಾಗ, ಮನುಷ್ಯನ ಅಭ್ಯಾಸಶ್ರದ್ಧೆಯನ್ನು ಕುರಿತು ನನ್ನಲ್ಲಿ ಗೌರವವು ಮೂಡುತ್ತದೆ.

ಇದಕ್ಕಿಂತ ಸುಮಾರು ಒಂದು ಶತಮಾನದಷ್ಟು ಹಿಂದೆಯೇ ಅಥೆನ್ಸಿನ ನೌಕಾಧಿಪತಿಯಾದ ಖಾಬ್ರಿಯಸನು ಹೊಸಬರಿಗಾಗಿ ದಡದಲ್ಲಿ ಮರದ ಚೌಕಟ್ಟುಗಳನ್ನು ಹೂಡಿಸಿ ಇದೇ ಬಗೆಯ ಪಾಠವನ್ನು ಹೇಳಿಸಿದನೆಂದು ಪ್ರತೀತಿ. ಈ ಎರಡು ವೃತ್ತಾಂತಗಳಲ್ಲಿಯೂ ಅಭ್ಯಾಸವುಂಟು, ಶಿಸ್ತುಂಟು, ಗುರಿಯೂ ಉಂಟು. ಆದರೆ ಆ ಗುರಿಯು ಸಮೂಹಕ್ಕೆ ಸೇರಿದ್ದು. ನೂರಾರು ಕೈಗಳು ಒಂದೇ ಕೈಯಂತೆ ಚಲಿಸಬೇಕೆಂಬುದಷ್ಟೇ ಅದರ ಸಾರ. ಅವರಲ್ಲಿ ಒಬ್ಬೊಬ್ಬನು ಎಷ್ಟು ಬಲದಿಂದ ಎಳೆದನು, ಆ ಬಲವನ್ನು ಎಷ್ಟು ಹೊತ್ತು ಕಾಯ್ದುಕೊಂಡನು, ನಿನ್ನೆಗಿಂತ ಇಂದು ಅವನು ಮುಂದುವರಿದನೇ ಹಿಂದುಳಿದನೇ ಎಂಬುದನ್ನು ಕಂಡುಕೊಳ್ಳುವ ಉಪಾಯವು ಆ ದಡದಲ್ಲಿ ಇರಲಿಲ್ಲ.

ಇಂದು ಲಂಡನ್ನಿನಿಂದ ಬೆಂಗಳೂರಿನವರೆಗೆ ವ್ಯಾಯಾಮಶಾಲೆಗಳ ಮೂಲೆಗಳಲ್ಲಿ, ಉದ್ದನೆಯ ಹಳಿಯ ಮೇಲೆ ಜಾರುವ ಪೀಠವೂ, ಪಾದಗಳನ್ನು ಬಿಗಿಯುವ ಪಟ್ಟಿಗಳೂ, ಸರಪಳಿಗೆ ಸೇರಿಸಿದ ಹಿಡಿಯೂ, ತುದಿಯಲ್ಲಿ ಗಾಳಿಯನ್ನು ಕಡೆಯುವ ಚಕ್ರವೂ ಉಳ್ಳ ರೋಯಿಂಗ್ ಮೆಷಿನ್ ಎಂಬುದನ್ನು ಯಾರಾದರೂ ನೋಡಿರಬಹುದು. ಇದರ ಚರಿತ್ರೆಯನ್ನು ಕಬ್ಬಿಣ, ಮರ, ಸರಪಳಿಗಳ ಚರಿತ್ರೆಯೆಂದು ಬರೆದವರುಂಟು. ನನಗಾದರೋ ಅದು ಅಳತೆಗೋಲಿನ ಚರಿತ್ರೆಯಾಗಿ ತೋರುತ್ತದೆ. ಶ್ರಮವನ್ನು ಅಳೆಯುವ ಕೋಲು ಎಂದು ಹುಟ್ಟಿತು, ಮೊದಲು ಯಾರ ಕೈಯಲ್ಲಿದ್ದಿತು, ಅಲ್ಲಿಂದ ಯಾರ ಕೈಗೆ ಬಂದಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಿಕೊಂಡು ಹೋದರೆ ಉಳಿದುದೆಲ್ಲವೂ ತಾನಾಗಿಯೇ ಜೊತೆಗೂಡಿ ಬರುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಹುಟ್ಟು ಹಾಕುವ ಕಸುಬು ವಿಶ್ವವಿದ್ಯಾಲಯಗಳ ಕ್ರೀಡೆಯಾಗಿ ಪರಿಣಮಿಸಿತು. 1829ರಲ್ಲಿ ಆಕ್ಸ್‌ಫರ್ಡಿಗೂ ಕೇಂಬ್ರಿಜಿಗೂ, 1852ರಲ್ಲಿ ಅಮೆರಿಕದ ಹಾರ್ವರ್ಡಿಗೂ ಯೇಲಿಗೂ ಮೊದಲ ಪಂದ್ಯಗಳು ನಡೆದುವು. 1870ರ ದಶಕದಲ್ಲಿ ದೋಣಿಯೊಳಗೆ ಜಾರುವ ಪೀಠವು ಬಳಕೆಗೆ ಬಂದುದರಿಂದ, ಅದುವರೆಗೆ ಬೆನ್ನು ತೋಳುಗಳ ಕೆಲಸವಾಗಿದ್ದುದು ಮುಖ್ಯವಾಗಿ ಕಾಲುಗಳ ಕೆಲಸವಾಯಿತು. ಹಾರ್ವರ್ಡ್ ಯೇಲ್‌ಗಳ ಪಂದ್ಯಗಳು ನಡೆಯುತ್ತಿದ್ದ ಅಮೆರಿಕದ ಈಶಾನ್ಯಭಾಗದಲ್ಲಿ ಚಳಿಗಾಲ ಬಂದರೆ ನದಿಗಳು ಹೆಪ್ಪುಗಟ್ಟಿ ನಿಲ್ಲುತ್ತವೆ. ಹುಟ್ಟುಗಾರನು ತಿಂಗಳುಗಟ್ಟಲೆ ನೀರನ್ನು ಮುಟ್ಟುವಂತಿಲ್ಲ. ಈ ಅನಿವಾರ್ಯವೇ ಯಂತ್ರಕ್ಕೆ ಮೂಲವಾಯಿತು. ನ್ಯೂಯಾರ್ಕ್ ಅಥ್ಲೆಟಿಕ್ ಕ್ಲಬ್ಬಿನ ಸ್ಥಾಪಕರಲ್ಲೊಬ್ಬನಾದ ವಿಲಿಯಂ ಬಕಿಂಗ್‌ಹ್ಯಾಂ ಕರ್ಟಿಸನು 1870ರ ದಶಕದ ಆದಿಯಲ್ಲಿಯೇ ಇಂಥದೊಂದು ಯಂತ್ರಕ್ಕೆ ಪೇಟೆಂಟ್ ಪಡೆದನು. ಆ ಮೇಲೆ ರೋಡ್ ಐಲೆಂಡಿನ ನಾರಗ್ಯಾನ್ಸೆಟ್ ಕಂಪೆನಿಯವರು ದ್ರವವನ್ನು ತುಂಬಿದ ಸಿಲಿಂಡರಿನ ವಿರುದ್ಧ ಎಳೆಯುವ ಯಂತ್ರವನ್ನು ಇಪ್ಪತ್ತನೆಯ ಶತಮಾನದ ಮೊದಲ ಅರ್ಧವನ್ನೂ ದಾಟಿ ಮಾರಿದರು. ಶಾಲೆಗಳಲ್ಲಿಯೂ ಕ್ಲಬ್ಬುಗಳಲ್ಲಿಯೂ ಅದು ಚಿರಪರಿಚಿತವಾಗಿದ್ದಿತು.

ಈ ಯಂತ್ರಗಳ ಮೇಲೆ ಕುಳಿತವನು ಬೆವರುತ್ತಿದ್ದನು, ದಣಿಯುತ್ತಿದ್ದನು, ಎದ್ದು ಹೋಗುತ್ತಿದ್ದನು. ತಾನು ಮಾಡಿದ ಕೆಲಸವೆಷ್ಟೆಂಬುದು ಅವನಿಗೆ ತಿಳಿಯುತ್ತಿರಲಿಲ್ಲ. ಎಣ್ಣೆ ಬಿಸಿಯಾದಂತೆ ತೆಳುವಾಗಿ ಸಿಲಿಂಡರಿನ ಪ್ರತಿರೋಧವು ಇಳಿಯುತ್ತದೆ. ಹೀಗಾಗಿ ಮೊದಲ ನಿಮಿಷದ ಎಳೆತಕ್ಕೂ ಇಪ್ಪತ್ತನೆಯ ನಿಮಿಷದ ಎಳೆತಕ್ಕೂ ಹೋಲಿಕೆಯೇ ಸಾಧ್ಯವಿಲ್ಲ. ಆ ಕಾಲದವರಿಗೆ ಅಳತೆಯ ಮೇಲೆ ಆಸ್ಥೆಯಿರಲಿಲ್ಲವೆಂದು ಇದರಿಂದ ಭಾವಿಸಲಾಗದು. 1879ರಲ್ಲಿ ಹಾರ್ವರ್ಡಿನ ಹೆಮೆನ್ವೇ ವ್ಯಾಯಾಮಶಾಲೆಯ ನಿರ್ದೇಶಕನಾಗಿ ಬಂದ ಡಡ್ಲಿ ಸಾರ್ಜೆಂಟನು ವಿದ್ಯಾರ್ಥಿಗಳನ್ನು ಪರೀಕ್ಷಿಸಿ, ಎದೆ ತೋಳು ತೊಡೆಗಳ ಸುತ್ತಳತೆಯನ್ನು ಬರೆದಿಟ್ಟು, ಅವರವರ ದೇಹದ ಕೊರತೆಗೆ ತಕ್ಕ ವ್ಯಾಯಾಮವನ್ನು ಅವರವರಿಗೆ ವಿಧಿಸಿ, ಕೆಲವು ತಿಂಗಳ ತರುವಾಯ ಮತ್ತೆ ಅಳೆದು ಹೋಲಿಸುತ್ತಿದ್ದನು. ಒಬ್ಬ ವ್ಯಕ್ತಿಯ ಇಂದನ್ನು ಅವನದೇ ನಿನ್ನೆಯೊಡನೆ ತೂಗಿ ನೋಡುವ ಈ ವಿಚಾರವು ವ್ಯಾಯಾಮದ ಚರಿತ್ರೆಯಲ್ಲಿ ಬಹು ದೊಡ್ಡದು. ಸಾರ್ಜೆಂಟನಿಗೆ ಸಲ್ಲಬೇಕಾದ ಕೀರ್ತಿಯು ಇನ್ನೂ ಪೂರ್ತಿಯಾಗಿ ಸಂದಿಲ್ಲವೆಂದೇ ನನ್ನ ಅಭಿಪ್ರಾಯ. ಆದರೂ ಅವನ ಪಟ್ಟಿಯು ಬೆಳೆದ ಮಾಂಸಖಂಡವನ್ನು ಅಳೆಯಿತೇ ಹೊರತು ಆ ಮಾಂಸಖಂಡವು ಅರ್ಧ ಗಂಟೆಯಲ್ಲಿ ಮಾಡಬಲ್ಲ ಕೆಲಸವನ್ನು ಅಳೆಯಲಿಲ್ಲ. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ವ್ಯಾಯಾಮಶಾಲೆಯಲ್ಲಿಯೂ ಹುಟ್ಟು ಹಾಕುವ ಯಂತ್ರವಿದ್ದಿತು. ಅದೇ ಕೋಣೆಯ ಸೈಕಲ್ ಯಂತ್ರಗಳಿಗಾದರೆ, ತುಳಿದವರು ಸಾಗಿದ ದೂರವನ್ನು ಕೆಂಪು ನೀಲಿ ಮುಳ್ಳುಗಳಿಂದ ತೋರಿಸುವ ದೊಡ್ಡದೊಂದು ಮುಖಫಲಕವಿದ್ದಿತು.

ಹುಟ್ಟುಗಾರನ ಶ್ರಮಕ್ಕೆ ಅಳತೆಯು ಮೊದಲು ಬಂದುದು ಪ್ರಯೋಗಶಾಲೆಯಿಂದ. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಎಂಟು ಹುಟ್ಟುಗಳ ಪಂದ್ಯವನ್ನು ಗೆದ್ದುದು ಯೇಲ್ ವಿಶ್ವವಿದ್ಯಾಲಯದ ತಂಡ. ಮುಂದೆ ಶಿಶುಪಾಲನೆಯನ್ನು ಕುರಿತ ತನ್ನ ಗ್ರಂಥದಿಂದ ಜಗತ್ತಿನ ತಾಯಂದಿರಿಗೆಲ್ಲ ಪರಿಚಿತನಾದ ವೈದ್ಯ ಬೆಂಜಮಿನ್ ಸ್ಪಾಕನು ಆ ತಂಡದಲ್ಲಿ ಒಬ್ಬ ಹುಟ್ಟುಗಾರನಾಗಿದ್ದನು. ಅದೇ ವಿಶ್ವವಿದ್ಯಾಲಯದ ಶರೀರಶಾಸ್ತ್ರಜ್ಞರಾದ ಯಾಂಡೆಲ್ ಹೆಂಡರ್ಸನ್ ಮತ್ತು ಹಾವರ್ಡ್ ಹ್ಯಾಗರ್ಡ್ ಎಂಬುವರು ಈ ಹುಟ್ಟುಗಾರರು ಸೇವಿಸುವ ಆಮ್ಲಜನಕವನ್ನು ಅಳೆದು, ಮನುಷ್ಯಶಕ್ತಿಯ ಪರಮಾವಧಿ ಎಷ್ಟು, ಅದಕ್ಕೆ ಬೇಕಾದ ಇಂಧನವೆಷ್ಟು ಎಂಬುದನ್ನು ವಿಚಾರಿಸಿ 1925ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಆದರೆ ಆ ಜ್ಞಾನವು ಪಂಡಿತರ ಸ್ವತ್ತು. ಹುಟ್ಟು ಹಿಡಿದವನು ಅಲ್ಲಿ ಪರೀಕ್ಷೆಯ ವಸ್ತುವಾಗಿದ್ದನು.

ಎರಡನೆಯ ಮಹಾಯುದ್ಧದ ತರುವಾಯದ ವರ್ಷಗಳಲ್ಲಿ ಈ ಕಥೆಯು ಆಸ್ಟ್ರೇಲಿಯದ ಸಿಡ್ನಿ ನಗರಕ್ಕೆ ಹೊರಳುತ್ತದೆ. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಶರೀರಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಫ್ರ್ಯಾಂಕ್ ಕಾಟನ್ ಎಂಬಾತನು, ಯುದ್ಧಕಾಲದಲ್ಲಿ ವಿಮಾನಚಾಲಕರು ತೀವ್ರವಾದ ತಿರುವುಗಳಲ್ಲಿ ಪ್ರಜ್ಞೆ ತಪ್ಪದಂತೆ ಕಾಪಾಡುವ ಉಡುಪನ್ನು ನಿರ್ಮಿಸಿ ಹೆಸರಾಗಿದ್ದವನು. ಹುಟ್ಟು ಹಾಕಲು ಯೋಗ್ಯರಾದವರನ್ನು ನೀರಿಗಿಳಿಸುವ ಮೊದಲೇ ಗುರುತಿಸಬಹುದೆಂಬುದು ಅವನ ನಂಬಿಕೆಯಾಗಿದ್ದಿತು. ಅದಕ್ಕಾಗಿ ಅವನು ಘರ್ಷಣೆಯ ತಡೆಯುಳ್ಳ ಯಂತ್ರವೊಂದನ್ನು ಮಾಡಿಸಿ, ಜನರನ್ನು ಅದರ ಮೇಲೆ ಬಳಲುವವರೆಗೂ ದುಡಿಸಿ ಪರೀಕ್ಷಿಸಿದನು. ಲೈಕ್‌ಹಾರ್ಟ್ ಕ್ಲಬ್ಬಿನ ಹುಟ್ಟುಗಾರನಾಗಿದ್ದ ಜಾನ್ ಹ್ಯಾರಿಸನನು ಈ ಯಂತ್ರವನ್ನು ಸಂಸ್ಕರಿಸಿದನು. ಅವನು ಕಂಡುಕೊಂಡ ಗುಟ್ಟು ಸರಳವಾದುದು: ಚಕ್ರವು ದೊಡ್ಡದಾಗಿರಬೇಕು, ತಡೆಯು ಅದನ್ನು ಒತ್ತುವ ಜಾಗವು ಚಿಕ್ಕದಾಗಿರಬೇಕು, ತಡೆಯ ಪದಾರ್ಥವು ತೇವವನ್ನು ಹೀರದಂಥದಾಗಿರಬೇಕು. ಚರ್ಮದ ಪಟ್ಟಿಯನ್ನು ಹಾಕಿದರೆ ಮಳೆಗಾಲದಲ್ಲಿ ಒಂದು ಉತ್ತರ, ಬೇಸಗೆಯಲ್ಲಿ ಇನ್ನೊಂದು ಉತ್ತರ ಬರುತ್ತದೆ. ಹಾಗೆ ಹವೆಗೆ ತಕ್ಕಂತೆ ಮಾತು ಬದಲಿಸುವ ಅಳತೆಗೋಲನ್ನು ಯಾರು ತಾನೇ ನಂಬಿಯಾರು?

1970ರ ದಶಕದಲ್ಲಿ ಯುರೋಪಿನ ತರಬೇತಿ ಕೇಂದ್ರಗಳಲ್ಲಿ ಹರಡಿದುದು ನಾರ್ವೆಯ ಗೆಸ್ಸಿಂಗ್ ಯಂತ್ರ. ಭಾರವಾದ ಚಕ್ರದ ಅಂಚಿನ ಮೇಲೆ ಪಟ್ಟಿಯೊಂದನ್ನು ಹಾಯಿಸಿ, ಅದಕ್ಕೆ ತೂಕದ ಕಲ್ಲುಗಳನ್ನು ತೂಗುಹಾಕಿ, ಚಕ್ರವು ಸುತ್ತಿದ ಸುತ್ತುಗಳನ್ನು ಎಣಿಸುತ್ತಿದ್ದರು. ದೋಣಿಯ ಪಂದ್ಯವು ಹೆಚ್ಚು ಕಡಮೆ 6 ನಿಮಿಷಗಳಲ್ಲಿ ಮುಗಿಯುವುದರಿಂದ ಪರೀಕ್ಷೆಯೂ 6 ನಿಮಿಷಗಳದಾಗಿದ್ದಿತು. ಆ 6 ನಿಮಿಷಗಳನ್ನು ಕುರಿತು ಹುಟ್ಟುಗಾರರಿಗೆ ಇದ್ದುದು ಭೀತಿ. ಯಂತ್ರವು ಬೆಲೆಬಾಳುವಂಥದು, ಕೇಂದ್ರಕ್ಕೆ ಒಂದೋ ಎರಡೋ ಇರುತ್ತಿದ್ದುವು, ತರಬೇತುದಾರನು ಪಕ್ಕದಲ್ಲಿ ನಿಂತು ಸಂಖ್ಯೆಯನ್ನು ಬರೆದುಕೊಳ್ಳುವನು, ಆ ಸಂಖ್ಯೆಯೇ ತಂಡದೊಳಗೆ ಇರುವವರಾರು, ಹೊರಗುಳಿಯುವವರಾರು ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸುವುದು. ಅಳತೆಯು ಹೀಗೆ ಹುಟ್ಟಿದ್ದಿತು, ನಂಬಲರ್ಹವೂ ಆಗಿದ್ದಿತು. ಆದರೆ ಆಯ್ಕೆಮಾಡುವವನ ಕೈಯಲ್ಲಿದ್ದಿತು.

ಅದು ಕೈ ಬದಲಿಸಿದುದು ಅಮೆರಿಕದ ವರ್ಮಾಂಟ್ ಸಂಸ್ಥಾನದ ಮಾರಿಸ್‌ವಿಲ್ ಎಂಬ ಚಿಕ್ಕ ಊರಿನ ದನದ ಕೊಟ್ಟಿಗೆಯೊಂದರಲ್ಲಿ. ಅಣ್ಣತಮ್ಮಂದಿರಾದ ಡಿಕ್ ಮತ್ತು ಪೀಟರ್ ಡ್ರೈಸಿಗೇಕರ್ ಇಬ್ಬರೂ ಹುಟ್ಟುಗಾರರು, ಇಬ್ಬರೂ ಎಂಜಿನಿಯರಿಂಗ್ ಬಲ್ಲವರು. ಡಿಕ್ ಎಂಬಾತನು 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಅಮೆರಿಕದ ಪರವಾಗಿ ದೋಣಿಯಲ್ಲಿ ಕುಳಿತಿದ್ದವನು. 1976ರಿಂದ ಅವರು ಹಗುರವಾದ ಹೊಸ ಬಗೆಯ ಹುಟ್ಟುಗಳನ್ನು ಮಾಡಿ ಮಾರುತ್ತಿದ್ದರು. ವರ್ಮಾಂಟಿನ ಚಳಿಗಾಲವು ದೀರ್ಘವಾದುದು. ಆ ಬೇಸರದಲ್ಲಿ ಒಂದು ಸೈಕಲ್ಲನ್ನು ತಲೆಕೆಳಗು ಮಾಡಿ ಕೊಟ್ಟಿಗೆಯ ನೆಲಕ್ಕೆ ಮೊಳೆ ಹೊಡೆದು ನಿಲ್ಲಿಸಿ, ಜಾರುವ ಪೀಠದ ಮೇಲೆ ಕುಳಿತು ಅದರ ಸರಪಳಿಯ ತುದಿಯನ್ನು ಎಳೆದು ನೋಡಿದರು. ಚಕ್ರಕ್ಕೆ ರೆಕ್ಕೆಗಳನ್ನು ಕಟ್ಟಿದರೆ ಗಾಳಿಯೇ ಪ್ರತಿರೋಧವಾಗುವುದೆಂಬ ವಿಚಾರವು ಅಲ್ಲಿಂದ ಬೆಳೆಯಿತು. ಗಾಳಿಯ ಪ್ರತಿರೋಧಕ್ಕೂ ನೀರಿನ ಪ್ರತಿರೋಧಕ್ಕೂ ಒಂದು ಸಮಾನಧರ್ಮವುಂಟು: ವೇಗ ಹೆಚ್ಚಿದಂತೆ ಎರಡೂ ವೇಗಕ್ಕಿಂತ ಮಿಗಿಲಾಗಿ ಬೆಳೆಯುತ್ತವೆ. ಆದಕಾರಣ ಎಳೆಯುವವನ ಕೈಗೆ ಅದು ದೋಣಿಯ ಅನುಭವಕ್ಕೆ ಹತ್ತಿರವಾದುದಾಗಿ ತೋರುತ್ತದೆ. 1981ರಲ್ಲಿ ಅವರ ಕಾನ್ಸೆಪ್ಟ್‌2 ಸಂಸ್ಥೆಯಿಂದ ಮಾಡೆಲ್ ಎ ಎಂಬ ಯಂತ್ರವು ಹೊರಬಂದಿತು. ಅದರ ಚಕ್ರ ಸೈಕಲ್ಲಿನದು, ವೇಗವನ್ನೂ ದೂರವನ್ನೂ ತೋರಿಸುವ ಮಾಪಕವೂ ಸೈಕಲ್ಲಿನದೇ. ಕ್ಲಬ್ಬುಗಳಿಗೂ ಒಬ್ಬಂಟಿ ಹುಟ್ಟುಗಾರರಿಗೂ ಕೈಗೆಟಕುವ ಬೆಲೆಗೆ ಅದು ದೊರೆತುದು ಅದರ ಯಾವ ಯಾಂತ್ರಿಕ ಗುಣಕ್ಕೂ ಕಡಮೆಯಿಲ್ಲದ ವಿಶೇಷ.

ಆ ಕಾಲಕ್ಕೆ ಬಾಸ್ಟನ್ನಿನ ಚಾರ್ಲ್ಸ್ ನದಿಯ ದಡದಲ್ಲಿ ಕೆಲವು ಹಿರಿಯ ಹುಟ್ಟುಗಾರರಿದ್ದರು. 1980ರ ಮಾಸ್ಕೋ ಒಲಿಂಪಿಕ್ಸನ್ನು ಅಮೆರಿಕವು ಬಹಿಷ್ಕರಿಸಿದುದರಿಂದ ವರ್ಷಗಳ ತಪಸ್ಸು ಫಲಕಾಣದೆ ಹೋದವರೂ ಅವರಲ್ಲಿದ್ದರು. ಚಾರ್ಲ್ಸ್ ನದಿಯ ಮಾಜಿ ತಾರೆಯರು ಎಂಬರ್ಥದ ಹೆಸರನ್ನು ತಮಗೆ ಇಟ್ಟುಕೊಂಡು, ಚಳಿಗಾಲದ ಅಭ್ಯಾಸದ ಏಕತಾನವನ್ನು ಮುರಿಯುವುದಕ್ಕಾಗಿ, 1982ರಲ್ಲಿ ಹಾರ್ವರ್ಡಿನ ನ್ಯೂವೆಲ್ ದೋಣಿಮನೆಯಲ್ಲಿ ಯಂತ್ರಗಳನ್ನು ಸಾಲಾಗಿ ನಿಲ್ಲಿಸಿ ಪಂದ್ಯವೊಂದನ್ನು ನಡೆಸಿದರು. ಇಪ್ಪತ್ತರಷ್ಟು ಮಂದಿ ಎಳೆದಿರಬಹುದು. ಮಾಪಕವು ಸೈಕಲ್ಲಿನದಾದುದರಿಂದ ಪಂದ್ಯದ ದೂರವೂ ಅದರಲ್ಲಿ ತೋರುವ 5 ಮೈಲಿ. ಕ್ರ್ಯಾಶ್-ಬಿ ಎಂದು ಹೆಸರಾದ ಈ ಪಂದ್ಯದಲ್ಲಿ ಗೆದ್ದವರಿಗೆ ಸುತ್ತಿಗೆಯನ್ನು ಬಹುಮಾನವಾಗಿ ಕೊಡುವ ಪದ್ಧತಿಯುಂಟು. ಮುಂದೆ ದೂರವು 2500 ಮೀಟರಾಗಿ, 1996ರಲ್ಲಿ ಒಲಿಂಪಿಕ್ ದೋಣಿಪಂದ್ಯದ ದೂರವೇ ಆದ 2000 ಮೀಟರಿಗೆ ಬಂದು ನಿಂತಿತು. ಇಂದಿಗೂ ಲೋಕದಲ್ಲೆಲ್ಲ ಅದೇ ಪ್ರಮಾಣ. ಪ್ರೇಕ್ಷಕನಿಗೆ ದೋಣಿಯೂ ಕಾಣದ, ನೀರೂ ಕಾಣದ, ಯಾರೂ ಕುಳಿತ ಜಾಗದಿಂದ ಮುಂದಕ್ಕೆ ಹೋಗದ ಈ ಪಂದ್ಯವು ಅಷ್ಟು ಬೇಗ ಬೆಳೆದುದು, ಒಬ್ಬನ ಸಂಖ್ಯೆಯನ್ನು ಇನ್ನೊಬ್ಬನ ಸಂಖ್ಯೆಯೊಡನೆ ಸಂದೇಹವಿಲ್ಲದೆ ಹೋಲಿಸಬಹುದಾಗಿದ್ದುದರಿಂದಲೇ.

ಈ ನಿಸ್ಸಂದೇಹವು ಪೂರ್ಣವಾದುದು 1986ರಲ್ಲಿ ಬಂದ ಮಾಡೆಲ್ ಬಿ ಯಂತ್ರದಿಂದ, ಅದರ ಮುಂದೆ ಕೂರಿಸಿದ ವಿದ್ಯುನ್ಮಾನ ಮಾನಿಟರಿನಿಂದ. ಆ ಮಾನಿಟರಿನ ಕಾರ್ಯವಿಧಾನವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಹುಟ್ಟುಗಾರನು ಹಿಡಿಯನ್ನು ಎಳೆದಾಗ ಫ್ಲೈವೀಲ್ ಎನ್ನುವ ಆ ಚಕ್ರವು ವೇಗವನ್ನು ಪಡೆಯುತ್ತದೆ. ಅವನು ಮತ್ತೆ ಮುಂದಕ್ಕೆ ಜಾರುತ್ತ ಹೋಗುವ ಸೆಕೆಂಡೊಂದರ ಅವಧಿಯಲ್ಲಿ, ಎಳೆಯುವ ಕೈಯಿಲ್ಲದೆ, ಗಾಳಿಯ ತಡೆಯಿಂದ ತಾನಾಗಿ ನಿಧಾನವಾಗುತ್ತದೆ. ಹಾಗೆ ಅದು ಎಷ್ಟು ಬೇಗ ನಿಧಾನವಾಯಿತೆಂಬುದನ್ನು ಮಾನಿಟರು ಅಳೆದು, ಆ ಗಳಿಗೆಯಲ್ಲಿ ಗಾಳಿಯ ಪ್ರತಿರೋಧವೆಷ್ಟಿದೆ ಎಂಬುದನ್ನು ನಿರ್ಧರಿಸಿಕೊಂಡು, ಅದರ ಆಧಾರದ ಮೇಲೆ ಎಳೆತದ ಶಕ್ತಿಯನ್ನು ಲೆಕ್ಕಹಾಕುತ್ತದೆ. ಪ್ರತಿ ಸಲ ತೂಗುವ ಮೊದಲು ತಕ್ಕಡಿಯನ್ನು ಎತ್ತಿ ತಟ್ಟೆಗಳು ಸಮವಾಗಿರುವುದನ್ನು ಗಿರಾಕಿಗೆ ತೋರಿಸುವ ಅಂಗಡಿಯವನಂತೆ, ಈ ಯಂತ್ರವು ಎಳೆತಕ್ಕೊಮ್ಮೆ ತನ್ನನ್ನು ತಾನು ಸರಿಪಡಿಸಿಕೊಳ್ಳುತ್ತದೆ. ಚಕ್ರದ ಜಾಲರಿಗೆ ಧೂಳು ಹಿಡಿದಿರಲಿ, ಹವೆ ಬಿಸಿಯಾಗಿರಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ಬೆಂಗಳೂರಿನ ತೆಳುಗಾಳಿಯಾಗಿರಲಿ, ಮಂಗಳೂರಿನ ಕಡಲಗಾಳಿಯಾಗಿರಲಿ, 200 ವ್ಯಾಟ್ ಶಕ್ತಿಯು 200 ವ್ಯಾಟಾಗಿಯೇ ತೋರುತ್ತದೆ. ಈಗಿನ ಯಂತ್ರಗಳ ಪಕ್ಕದಲ್ಲಿ 1ರಿಂದ 10ರವರೆಗೆ ಅಂಕೆಗಳುಳ್ಳ ಡ್ಯಾಂಪರ್ ಎಂಬ ಹಿಡಿಯೊಂದಿದೆ. ವ್ಯಾಯಾಮಶಾಲೆಗೆ ಹೊಸದಾಗಿ ಬಂದ ಉತ್ಸಾಹಿಗಳು ಅದನ್ನು ಮೊದಲು 10ಕ್ಕೆ ಸರಿಸಿ ಕುಳಿತುಕೊಳ್ಳುವುದನ್ನು ನಾನು ನೋಡಿದ್ದೇನೆ. ಅದು ಗಾಳಿಯ ದಾರಿಯನ್ನು ಅಗಲಿಸುವುದರಿಂದ ಎಳೆತವು ಭಾರವಾಗಿ ತೋರುತ್ತದೆ, ಅಷ್ಟೆ. ಅದರಿಂದ ಮಾನಿಟರಿನ ಲೆಕ್ಕವು ಉದಾರವಾಗುವುದಿಲ್ಲ, ಸೊಂಟವು ಮಾತ್ರ ಬೇಗನೆ ನೋಯುತ್ತದೆ.

ಮಾನಿಟರು ತನ್ನ ಉತ್ತರವನ್ನು 500 ಮೀಟರಿಗೆ ಇಷ್ಟು ನಿಮಿಷ, ಇಷ್ಟು ಸೆಕೆಂಡು ಎಂಬ ರೂಪದಲ್ಲಿ ಕೊಡುತ್ತದೆ. ಇದನ್ನೇ ಸ್ಪ್ಲಿಟ್ ಎನ್ನುತ್ತಾರೆ. ಶಕ್ತಿಯಿಂದ ಈ ಗತಿಯನ್ನು ಪಡೆಯುವ ಸೂತ್ರವು ಘನಪ್ರಮಾಣದ್ದು: ಒಂದು ಮೀಟರಿಗೆ ತಗಲುವ ಸೆಕೆಂಡುಗಳ ಸಂಖ್ಯೆಯನ್ನು ಮೂರು ಸಲ ಬರೆದು ಒಂದಕ್ಕೊಂದು ಗುಣಿಸಿ, ಬಂದುದರಿಂದ 2.8ನ್ನು ಭಾಗಿಸಿದರೆ ವ್ಯಾಟುಗಳು ಸಿಗುತ್ತವೆ. ಗುರಿಯನ್ನು ಇಟ್ಟುಕೊಳ್ಳುವವನು ಮೊದಲು ಅರಿಯಬೇಕಾದುದು ಈ ಸೂತ್ರದ ಕಠೋರತೆಯನ್ನು. 2000 ಮೀಟರನ್ನು 10 ನಿಮಿಷಗಳಲ್ಲಿ ಮುಗಿಸುವವನು ಸುಮಾರು 104 ವ್ಯಾಟ್ ಶಕ್ತಿಯನ್ನು ಹೊರಡಿಸುತ್ತಾನೆ. 9 ನಿಮಿಷಕ್ಕೆ 142 ಬೇಕು. 8 ನಿಮಿಷಕ್ಕೆ 203. 7 ನಿಮಿಷಕ್ಕೆ 302. ಕಡಿದುಕೊಳ್ಳಬೇಕಾದ ಕಾಲವು ಪ್ರತಿ ಮೆಟ್ಟಿಲಿನಲ್ಲಿಯೂ ಒಂದೇ ನಿಮಿಷ. ಅದರ ಬೆಲೆಯಾದರೋ ಮೊದಲ ಸಲ 38 ವ್ಯಾಟ್, ಎರಡನೆಯ ಸಲ 61, ಮೂರನೆಯ ಸಲ 99. ಮೊದಲ ಕೆಲವು ತಿಂಗಳುಗಳಲ್ಲಿ ಒಂದು ನಿಮಿಷವನ್ನು ಸಲೀಸಾಗಿ ಗಳಿಸಿದವನು, ಮುಂದಿನ ನಿಮಿಷವೂ ಅಷ್ಟೇ ಸುಲಭವಾಗಿ ದಕ್ಕುವುದೆಂದು ನಂಬಿ, ಅದು ದಕ್ಕದಿದ್ದಾಗ ತನ್ನ ಸಂಕಲ್ಪಶಕ್ತಿಯನ್ನೇ ಹಳಿದುಕೊಂಡು ಅಭ್ಯಾಸವನ್ನು ಬಿಟ್ಟುಬಿಡುವುದುಂಟು. ತಪ್ಪು ಅವನ ಸಂಕಲ್ಪದ್ದಲ್ಲ. ನಿಮಿಷಗಳಲ್ಲಿ ಗುರಿಯನ್ನು ಬರೆದುಕೊಂಡವನು ಅದರ ಪಕ್ಕದಲ್ಲಿ ವ್ಯಾಟುಗಳನ್ನೂ ಬರೆದುಕೊಂಡಿದ್ದರೆ ಈ ದುಃಖವು ತಪ್ಪುತ್ತಿದ್ದಿತು.

ಬರೆದುಕೊಳ್ಳುವ ಮಾತು ಬಂದುದರಿಂದ ದಿನಚರಿಯ ಪುಸ್ತಕವನ್ನು ಕುರಿತು ಹೇಳುವುದು ಉಚಿತ. ಯಂತ್ರದ ಬಳಿ ಪುಟ್ಟದೊಂದು ನೋಟ್ ಪುಸ್ತಕವನ್ನಿಟ್ಟುಕೊಂಡು ತಾರೀಖು, ದೂರ, ಕಾಲ, ಸರಾಸರಿ ಸ್ಪ್ಲಿಟ್, ನಿಮಿಷಕ್ಕೆ ಎಷ್ಟು ಎಳೆತ ಎಂಬಿಷ್ಟನ್ನು ಗುರುತು ಹಾಕುವ ಪದ್ಧತಿಯು ಹುಟ್ಟುಗಾರರಲ್ಲಿ ಬೇರೂರಿತು. ಅಂಥ ಪುಸ್ತಕದ ಎರಡು ಪುಟಗಳನ್ನು ಕಲ್ಪಿಸಿಕೊಳ್ಳೋಣ. ಎರಡರಲ್ಲಿಯೂ 5000 ಮೀಟರು, ಎರಡರಲ್ಲಿಯೂ ಕಾಲ 22 ನಿಮಿಷ 30 ಸೆಕೆಂಡು. ಒಂದು ಪುಟದಲ್ಲಿ ಒಂದೊಂದು ಸಾವಿರ ಮೀಟರಿನ ಕಾಲವು 4:32, 4:30, 4:30, 4:30, 4:28 ಎಂದಿದೆ. ಇನ್ನೊಂದರಲ್ಲಿ 4:10, 4:24, 4:34, 4:44, 4:38 ಎಂದಿದೆ. ಮೊತ್ತವನ್ನು ಮಾತ್ರ ನೋಡುವವನಿಗೆ ಎರಡು ದಿನಗಳೂ ಒಂದೇ. ಬಿಡಿಬಿಡಿಯಾಗಿ ನೋಡಿದರೆ, ಮೊದಲನೆಯ ದಿನ ಆತನು ತನ್ನ ಶಕ್ತಿಯನ್ನು ಅರಿತು 142 ವ್ಯಾಟಿನ ಆಸುಪಾಸಿನಲ್ಲಿ ನಡೆಸಿಕೊಂಡು ಹೋಗಿ ಕೊನೆಯಲ್ಲಿ ತುಸು ಮಿಗಿಸಿಕೊಂಡಿದ್ದನು. ಎರಡನೆಯ ದಿನ 179 ವ್ಯಾಟಿನ ಆವೇಶದಿಂದ ಹೊರಟು, ನಾಲ್ಕನೆಯ ಸಾವಿರದಲ್ಲಿ 122ಕ್ಕೆ ಕುಸಿದು, ಹೇಗೋ ತಡಿ ಮುಟ್ಟಿದ್ದನು. ಘನಪ್ರಮಾಣದ ಸೂತ್ರದಂತೆ ಎರಡನೆಯ ದಿನದ ಒಟ್ಟು ಶ್ರಮವೇ ಹೆಚ್ಚು, ಫಲ ಮಾತ್ರ ಸಮ. ಈ ವಿವೇಕವನ್ನು ಹೊರಗಿನವರು ಬಾಯಲ್ಲಿ ಎಷ್ಟು ಹೇಳಿದರೂ ತಲೆಗೆ ಹತ್ತುವುದು ಕಷ್ಟ. ತನ್ನದೇ ಕೈಬರಹದ ಎರಡು ಪುಟಗಳು ಅಕ್ಕಪಕ್ಕದಲ್ಲಿ ಬಿದ್ದಿದ್ದರೆ ಹೇಳುವವರೇ ಬೇಕಾಗುವುದಿಲ್ಲ. ಮಿಶಿಗನ್ ವಿಶ್ವವಿದ್ಯಾಲಯದ ಮೈಕ್ ಕ್ಯಾವಿಸ್ಟನ್ ಎಂಬಾತನು ರೂಪಿಸಿದ ವುಲ್ವರೀನ್ ಪ್ಲಾನ್ ಎಂಬ ಅಭ್ಯಾಸಕ್ರಮವು ಈ ತತ್ತ್ವದ ಮೇಲೆಯೇ ನಿಂತಿದೆ: ಅಭ್ಯಾಸಿಯು ತಾನು ಮುಟ್ಟಬಯಸುವ ಕಾಲವನ್ನು ಆಧಾರವಾಗಿಟ್ಟುಕೊಳ್ಳದೆ, ಈಗಾಗಲೇ ಮುಟ್ಟಿರುವ 2000 ಮೀಟರಿನ ಕಾಲದಿಂದಲೇ ಉಳಿದೆಲ್ಲ ದೂರಗಳ ಗತಿಯನ್ನೂ ಗೊತ್ತುಮಾಡಿಕೊಂಡು, ವಾರದಿಂದ ವಾರಕ್ಕೆ ಅಲ್ಪಾಲ್ಪವಾಗಿ ಏರಬೇಕು.

ಮುಂದಿನ ದಶಕಗಳಲ್ಲಿ ಮಾನಿಟರೇ ದಿನಚರಿಯನ್ನು ಇಟ್ಟುಕೊಳ್ಳತೊಡಗಿತು. 2003ರ ಮಾಡೆಲ್ ಡಿ ಯಂತ್ರಕ್ಕೆ, ಮಾಡಿದ ಅಭ್ಯಾಸವನ್ನು ಕಾರ್ಡೊಂದರಲ್ಲಿ ಉಳಿಸಿಕೊಳ್ಳುವ ಅನುಕೂಲವಿದ್ದಿತು. ಈಚೆಗೆ ಅದು ಫೋನಿಗೆ ತಾನಾಗಿ ತಲಪುತ್ತದೆ. ಅನುಕೂಲವು ದೊಡ್ಡದೇ ಆದರೂ, ಉಸಿರು ಇನ್ನೂ ಹದಕ್ಕೆ ಬಾರದಿರುವಾಗ ಬೆವರಿನ ಕೈಯಿಂದ ಪೆನ್ಸಿಲ್ ಹಿಡಿದು ಬರೆಯುವವನು ತನ್ನ ಸಂಖ್ಯೆಯನ್ನು ಓದುವಷ್ಟು ಗಮನದಿಂದ, ತಾನಾಗಿ ದಾಖಲಾದ ಸಂಖ್ಯೆಯನ್ನು ಯಾರೂ ಓದರೆಂದು ನನಗೆ ತೋರುತ್ತದೆ. ಬರೆದವನಿಗೆ ಹಿಂದಿನ ದಿನದ ನಿದ್ರೆ, ನೆಗಡಿ, ಮನೆಯ ಚಿಂತೆ ಇವೂ ನೆನಪಿರುತ್ತವೆ. ಅಂಚಿನಲ್ಲಿ ಅವನ್ನೂ ಎರಡು ಮಾತಿನಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ತಿಂಗಳುಗಳ ಮೇಲೆ ಹಿಂದಿರುಗಿ ನೋಡಿದಾಗ ಕೆಟ್ಟ ಸಂಖ್ಯೆಯೊಂದಕ್ಕೆ ಅರ್ಥವನ್ನು ಕೊಡುವುದು ಆ ಅಂಚಿನ ಮಾತೇ.

ನೀರಿನವರು ಈ ಯಂತ್ರವನ್ನು ಪೂರ್ತಿಯಾಗಿ ಒಪ್ಪಿಕೊಂಡವರಲ್ಲ. ಯಂತ್ರವು ತೇಲುವುದಿಲ್ಲ ಎಂಬುದು ಅವರಲ್ಲಿ ರೂಢಿಯಾದ ಮಾತು. ಅದರಲ್ಲಿ ಸತ್ಯವಿದೆ. ನ್ಯೂಜಿಲೆಂಡಿನ ರಾಬ್ ವಾಡೆಲ್ಲನು 2008ರಲ್ಲಿ 2000 ಮೀಟರನ್ನು 5 ನಿಮಿಷ 36.6 ಸೆಕೆಂಡುಗಳಲ್ಲಿ ಎಳೆದು ಜಗತ್ತಿನ ದಾಖಲೆಯನ್ನು ಸ್ಥಾಪಿಸಿದನು. ಆಸ್ಟ್ರೇಲಿಯದ ಜೋಶ್ ಡಂಕ್ಲಿ-ಸ್ಮಿತ್ 2018ರಲ್ಲಿ 5 ನಿಮಿಷ 35.8 ಸೆಕೆಂಡಿಗೆ ಇಳಿಸುವವರೆಗೆ ಅದು ಹತ್ತು ವರ್ಷ ನಿಂತಿದ್ದಿತು. ಆದರೆ ಅದೇ 2008ರಲ್ಲಿ ಬೀಜಿಂಗ್ ಒಲಿಂಪಿಕ್ಸಿನ ಒಂಟಿ ದೋಣಿಗೆ ನ್ಯೂಜಿಲೆಂಡಿನಿಂದ ಆಯ್ಕೆಯಾಗಿ ಹೋದವನು ಮಾಹೆ ಡ್ರೈಸ್‌ಡೇಲ್. ವಾಡೆಲ್ಲನು ಜೋಡಿದೋಣಿಗೆ ಹೋಗಬೇಕಾಯಿತು. ತೂಕವುಳ್ಳ ದೇಹವು ದೋಣಿಯನ್ನು ನೀರಿನಲ್ಲಿ ಹೆಚ್ಚು ಮುಳುಗಿಸುತ್ತದೆ, ಯಂತ್ರವು ಮಾತ್ರ ಅದಕ್ಕೆ ದಂಡ ಹಾಕುವುದಿಲ್ಲ. ಸಿಡ್ನಿಯ ಹಳೆಯ ಯಂತ್ರದಲ್ಲಿ ಹುಟ್ಟುಗಾರನ ತೂಕಕ್ಕೆ ತಕ್ಕಂತೆ ತಡೆಯನ್ನು ಬಿಗಿಮಾಡುತ್ತಿದ್ದುದು ಇದಕ್ಕಾಗಿಯೇ. ಈಗಿನವರು ಪಂದ್ಯಗಳಲ್ಲಿ ಗಂಡಸರಿಗೆ 75 ಕಿಲೋ, ಹೆಂಗಸರಿಗೆ 61.5 ಕಿಲೋ ಎಂಬ ಮಿತಿಯಿಂದ ಹಗುರದೇಹದವರ ವರ್ಗವನ್ನು ಬೇರೆ ಮಾಡಿ, ವಯಸ್ಸಿಗೆ ತಕ್ಕಂತೆಯೂ ವಿಂಗಡಿಸಿ ಸಮಾಧಾನಪಟ್ಟುಕೊಂಡಿದ್ದಾರೆ.

ಹಾಗೆಂದು ಕಾಟನ್ನನ ನಂಬಿಕೆಯು ಸುಳ್ಳಾಗಲಿಲ್ಲ. 2007ರಲ್ಲಿ ಬ್ರಿಟನ್ನಿನ ಕ್ರೀಡಾಧಿಕಾರಿಗಳು ಎತ್ತರದ ಆಳುಗಳನ್ನು, ಅವರು ಹಿಂದೆ ಯಾವ ಆಟವನ್ನಾಡಿದ್ದರೂ ಸರಿಯೇ, ಬರಹೇಳಿ ಪರೀಕ್ಷಿಸಿದಾಗ, ಗೊತ್ತುಮಾಡಿದ್ದ ಎತ್ತರಕ್ಕೆ ಕೂದಲೆಳೆಯಷ್ಟು ಕಡಮೆಯಿದ್ದ ಹೆಲೆನ್ ಗ್ಲೋವರ್ ಎಂಬ ವ್ಯಾಯಾಮಶಿಕ್ಷಕಿಯು ತುದಿಗಾಲಲ್ಲಿ ನಿಂತು ಒಳಹೊಕ್ಕಳು. ಹುಟ್ಟನ್ನು ಹಿಡಿದೇ ಅರಿಯದಿದ್ದ ಆಕೆಯು 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಹೆದರ್ ಸ್ಟ್ಯಾನಿಂಗಳೊಡನೆ ಜೋಡಿ ದೋಣಿಯಲ್ಲಿ ಚಿನ್ನವನ್ನು ಗೆದ್ದಳು. ಆ ಕೂಟದಲ್ಲಿ ಬ್ರಿಟನ್ನಿಗೆ ಬಂದ ಮೊದಲ ಚಿನ್ನ ಅದು. ಯಂತ್ರದ ಪಂದ್ಯಕ್ಕೂ ತನ್ನದೇ ಆದ ಗೌರವವು ದೊರೆತಿದೆ. 2018ರ ಫೆಬ್ರವರಿಯಲ್ಲಿ ಅಮೆರಿಕದ ವರ್ಜೀನಿಯ ಸಂಸ್ಥಾನದ ಅಲೆಕ್ಸಾಂಡ್ರಿಯ ನಗರದಲ್ಲಿ ಮೊದಲ ವಿಶ್ವ ಒಳಾಂಗಣ ರೋಯಿಂಗ್ ಚಾಂಪಿಯನ್‌ಷಿಪ್ ನಡೆಯಿತು. ಸಾಂಕ್ರಾಮಿಕದ ಕಾರಣದಿಂದ 2021ರ ಸ್ಪರ್ಧಿಗಳು ತಂತಮ್ಮ ಊರುಗಳಲ್ಲಿಯೇ ಕುಳಿತು ಎಳೆದರು. ನಮ್ಮ ದೇಶದಲ್ಲಿಯೂ ಒಳಾಂಗಣ ರೋಯಿಂಗಿನ ರಾಷ್ಟ್ರೀಯ ಪಂದ್ಯಗಳು ನಡೆಯುತ್ತವೆ.

ಆದರೆ ಈ ಯಂತ್ರದ ಮೇಲೆ ಕೂರುವವರಲ್ಲಿ ಬಹುಮಂದಿ ಯಾವ ಪಂದ್ಯಕ್ಕೂ ಹೋಗತಕ್ಕವರಲ್ಲ. ಜನ್ಮದಲ್ಲಿ ದೋಣಿಯನ್ನು ಹತ್ತದವರೂ ಅನೇಕರು. ಅವರಿಗಾಗಿಯೇ ಬೆಳೆದು ಬಂದುದು ದೂರದ ಲೆಕ್ಕ. ಯಂತ್ರವನ್ನು ಮಾಡಿದ ಸಂಸ್ಥೆಯವರು ಎಲ್ಲರ ದೂರವನ್ನೂ ಕಾಲವನ್ನೂ ವಯಸ್ಸಿನ ವರ್ಗಗಳಂತೆ ಪಟ್ಟಿಮಾಡುವ ಪದ್ಧತಿಯನ್ನು ಇಟ್ಟುಕೊಂಡಿದ್ದಾರೆ. ಅಮೆರಿಕದವರ ಥ್ಯಾಂಕ್ಸ್‌ಗಿವಿಂಗ್ ಹಬ್ಬದಿಂದ ಡಿಸೆಂಬರ್ 24ರವರೆಗಿನ ಸುಮಾರು ನಾಲ್ಕು ವಾರಗಳಲ್ಲಿ ಒಂದು ಲಕ್ಷ ಅಥವಾ ಎರಡು ಲಕ್ಷ ಮೀಟರನ್ನು ಎಳೆದು ಮುಗಿಸುವ ಸವಾಲೊಂದಿದೆ. ಜೀವಮಾನದಲ್ಲಿ ಹತ್ತು ಲಕ್ಷ ಮೀಟರನ್ನು ದಾಟಿದವರ ಗಣವೊಂದಿದೆ. ವೇಗದ ಗುರಿಗಿಂತ ದೂರದ ಗುರಿಯೇ ಸಾಮಾನ್ಯನಿಗೆ ಹೆಚ್ಚು ಹಿತಕರವೆಂದು ನಾನು ನಂಬಿದ್ದೇನೆ. ವೇಗದ ಲೆಕ್ಕವು ಘನಪ್ರಮಾಣದ್ದು, ವಯಸ್ಸು ಮೀರಿದವನಿಗೆ ಅದರಲ್ಲಿ ಇಳಿವು ನಿಶ್ಚಿತ; ದೂರದ ಲೆಕ್ಕದಲ್ಲಾದರೋ ಎಪ್ಪತ್ತರ ಮುದುಕಿಯು ನಿಧಾನವಾಗಿ ಎಳೆದ ಮೀಟರಿಗೂ ಇಪ್ಪತ್ತರ ತರುಣನು ಬಿರುಸಿನಿಂದ ಎಳೆದ ಮೀಟರಿಗೂ ಭೇದವಿಲ್ಲ, ಒಮ್ಮೆ ಕೂಡಿದುದು ಕಳೆಯುವಂತೆಯೂ ಇಲ್ಲ. ಹತ್ತು ಲಕ್ಷ ಮೀಟರೆಂದರೆ ಸಾವಿರ ಕಿಲೋಮೀಟರು. ದಿನಕ್ಕೆ 5000 ಮೀಟರಿನಂತೆ, ವಾರಕ್ಕೆ ನಾಲ್ಕು ದಿನ ಕುಳಿತರೆ ಅದು 50 ವಾರಗಳ ಕೆಲಸ. ಪಟ್ಟಿಯ ವರ್ಷವು ಮೇ 1ಕ್ಕೆ ಮೊದಲಾಗಿ ಮರುವರ್ಷದ ಏಪ್ರಿಲ್ 30ಕ್ಕೆ ಮುಗಿಯುವುದರಿಂದ, ಮೇ ತಿಂಗಳ ಮೊದಲ ವಾರದಲ್ಲಿ ತೊಡಗಿದವನಿಗೆ ಮನೆಯಲ್ಲಿ ಮದುವೆಯೋ ಜ್ವರವೋ ಬಂದರೂ ಕಳೆದುಕೊಳ್ಳಲು ಎರಡು ವಾರಗಳು ಕೈಯಲ್ಲಿ ಉಳಿದೇ ಇರುತ್ತವೆ.